ನಾಯಿಗೆ ಬುದ್ಧಿ ಕಲಿಸುವ ಮೊದಲು ಚಪ್ಪಲಿ ಎತ್ತಿಡಿ

ಹೊಸದಾಗಿ ನಾಯಿಮರಿ ತಂದವರು ನನ್ನ ಹತ್ತಿರ ಹೇಳಿಕೊಳ್ಳುವ ದೂರು ಹೆಚ್ಚುಕಮ್ಮಿ ಒಂದೇ. ಚಪ್ಪಲಿ ಕಡಿಯುತ್ತದೆ, ಕುಂಡದ ಮಣ್ಣು ಕೆದರುತ್ತದೆ, ಎಷ್ಟು ಗದರಿದರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾನು ತಿರುಗಿ ಕೇಳುವುದೂ ಒಂದೇ ಮಾತು. ಚಪ್ಪಲಿ ಎಲ್ಲಿಡ್ತೀರಿ? ಬಾಗಿಲ ಪಕ್ಕ, ನೆಲದ ಮೇಲೆ. ಅಲ್ಲಿಗೆ ಮುಗಿಯಿತಲ್ಲ! ನಾಯಿಯ ಲೆಕ್ಕದಲ್ಲಿ ನೆಲದ ಮೇಲೆ ಬಿದ್ದಿರುವುದೆಲ್ಲ ಅದರದ್ದೇ. ಅದರಲ್ಲೂ ಮನೆಯವರ ಬೆವರು ಹೀರಿದ ಚಪ್ಪಲಿ ಅಂದರೆ ಅದಕ್ಕೆ ಪ್ರಾಣ. ಬೈದು ಬೈದು ಗಂಟಲು ಒಣಗಿಸಿಕೊಳ್ಳುವ ಬದಲು ಒಂದು ಮುಚ್ಚಿದ ಗೂಡಿನಲ್ಲಿಟ್ಟರೆ ಸಾಕು. ಇಷ್ಟು ವರ್ಷ ನಾಯಿ ಸಾಕಿದ ಮೇಲೆ ನನ್ನ ಅಭಿಪ್ರಾಯ ಇದು: ಅದರ ಚಾಳಿ ಬಿಡಿಸಲು ಹೆಣಗುವುದಕ್ಕಿಂತ ಆ ಚಾಳಿಗೊಂದು ಜಾಗ ಮಾಡಿಕೊಡುವುದು ಸುಲಭ.

ಮೊದಲು ಕಡಿಯುವ ಚಾಳಿ. ಮರಿಗೆ 28 ಹಾಲುಹಲ್ಲು. ಮೂರು ನಾಲ್ಕು ತಿಂಗಳಿಗೆ ಅವು ಒಂದೊಂದಾಗಿ ಉದುರುತ್ತವೆ. ಆರೇಳು ತಿಂಗಳಾಗುವಷ್ಟರಲ್ಲಿ 42 ಗಟ್ಟಿ ಹಲ್ಲು ಬಂದಿರುತ್ತವೆ. ಆ ದಿನಗಳಲ್ಲಿ ಒಸಡು ನೋಯುತ್ತದೆ, ನವೆಯಾಗುತ್ತದೆ. ಏನಾದರೂ ಅಗಿದರೇನೇ ಸಮಾಧಾನ. ಹಳೆ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಗಂಟು ಹಾಕಿ, ನೀರಲ್ಲಿ ಅದ್ದಿ, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ ಕೊಡಿ. ಒಸಡಿಗೆ ಹಿತವಾಗಿರುತ್ತದೆ. ಆದರೆ ಅದು ಅಗಿಯುವಾಗ ಪಕ್ಕದಲ್ಲೇ ಇರಿ, ದಾರ ಬಿಚ್ಚಿಕೊಂಡರೆ ನುಂಗಿಬಿಡುತ್ತದೆ. ಕೆಲವರು ಹರಿದ ಚಪ್ಪಲಿಯನ್ನೇ ಆಟಕ್ಕೆ ಹಾಕುತ್ತಾರೆ. ಅದೊಂದು ಬೇಡ. ಹರಿದದ್ದು ಯಾವುದು, ನಿನ್ನೆ ತಂದದ್ದು ಯಾವುದು ಅಂತ ಅದಕ್ಕೇನು ಗೊತ್ತು? ಬೇಯಿಸಿದ ಮೂಳೆಯನ್ನಂತೂ ಕೊಡಲೇಬಾರದು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ.

ಕದಿಯುವುದು ಬೇರೆ ಕಥೆ. ನಮ್ಮ ಮನೆಯಲ್ಲಿ ಕರಿಯ ಅಂತ ಒಬ್ಬನಿದ್ದ. ಒಣಹಾಕಿದ ಬಟ್ಟೆಯಲ್ಲಿ ಕಾಲುಚೀಲ ಮಾತ್ರ ಎಳೆಯುತ್ತಿದ್ದ, ಅದೂ ಜೋಡಿಯಲ್ಲಿ ಒಂದೇ. ಕಡಿಯುತ್ತಿರಲಿಲ್ಲ. ಬಾಯಲ್ಲಿ ಕಚ್ಚಿಕೊಂಡು ಬಾಗಿಲ ಹತ್ತಿರ ನಿಂತು ತಿರುಗಿ ನೋಡುತ್ತಿದ್ದ. ಯಾರಾದರೂ ಒಬ್ಬರು ಎದ್ದರೆ ಓಟ. ಯಾರೂ ಏಳದಿದ್ದರೆ ಎರಡು ಹೆಜ್ಜೆ ಹತ್ತಿರ ಬಂದು, ಕಾಲುಚೀಲವನ್ನು ಒಮ್ಮೆ ಕೊಡವಿ, ಮತ್ತೆ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಕಾಲುಚೀಲವಲ್ಲ, ನಾವು ಅಟ್ಟಿಸಿಕೊಂಡು ಬರುವುದು. ಇಂಥ ಕಳ್ಳನ ಹಿಂದೆ ಓಡಿದರೆ ನೀವೇ ಆಟ ಕಲಿಸಿದಂತೆ. ಸುಮ್ಮನೆ ಕೂತು, ಅದಕ್ಕೆ ಇಷ್ಟವಾದ ಒಂದು ತುಣುಕು ತಿಂಡಿ ತೋರಿಸಿ. ಬಾಯಲ್ಲಿರುವುದನ್ನು ಬಿಟ್ಟ ಕ್ಷಣ ತಿಂಡಿ ಕೊಡಿ. ಕೊಟ್ಟು ತೆಗೆದುಕೊಳ್ಳುವುದು ರೂಢಿಯಾದರೆ ಮುಂದೆ ಅಪಾಯದ ವಸ್ತು ಹಿಡಿದಾಗಲೂ ಬಿಡಿಸಿಕೊಳ್ಳಬಹುದು. ಬಾಯಿಗೆ ಕೈ ಹಾಕಿ ಕಿತ್ತುಕೊಂಡರೆ ಮಾತ್ರ ಮುಂದಿನ ಸಲ ಗುರ್ರ್ ಅನ್ನುತ್ತದೆ. ಇಲ್ಲವೇ ಕಿತ್ತುಕೊಳ್ಳುವ ಮೊದಲೇ ನುಂಗುತ್ತದೆ.

ಗುರ್ರ್ ಅಂದಿದ್ದಕ್ಕೆ ಹೊಡೆಯುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಪಾಪ, ಅದು ಕಚ್ಚುವ ಮೊದಲು ಹೇಳುತ್ತಿದೆ, ಅಲ್ವಾ? ಹೊಡೆದು ಹೊಡೆದು ಆ ಸದ್ದು ಅಡಗಿಸಿದರೆ ನಾಳೆ ಏನೂ ಹೇಳದೆ ಕಚ್ಚುತ್ತದೆ. ಗುರುಗುಟ್ಟಿದರೆ ಹಿಂದೆ ಸರಿಯಿರಿ, ಯಾಕೆ ಅಂತ ಆಮೇಲೆ ಯೋಚಿಸಿ. ಊಟ ಮಾಡುವಾಗ, ಮಲಗಿದ್ದಾಗ, ಮರಿ ಹಾಕಿದಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಸಾಕಿದ ನಾಯಿಯೇ ಹಲ್ಲು ತಾಗಿಸಿದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ನಾಯಿಗೆ ರೇಬಿಸ್ ಲಸಿಕೆ ತಪ್ಪಿಸುವುದಂತೂ ಮಾತೇ ಇಲ್ಲ.

ಇನ್ನು ಆ ತಪ್ಪಿತಸ್ಥ ಮುಖ. ಕಿವಿ ಹಿಂದಕ್ಕೆ, ಬಾಲ ಕಾಲ ಸಂದಿಗೆ, ಕಣ್ಣು ಓರೆ. ‘ನೋಡಿ, ತಪ್ಪು ಮಾಡಿದ್ದು ಅದಕ್ಕೆ ಗೊತ್ತಿದೆ’ ಅಂತ ಎಲ್ಲರೂ ಹೇಳುತ್ತಾರೆ. ಅಲೆಗ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ತಿಂದಿರಲಿ, ಬಿಟ್ಟಿರಲಿ, ಯಜಮಾನರು ಗದರಿದಾಗ ಆ ಮುಖ ಬಂತು. ಅಂದರೆ ಅದು ನಿಮ್ಮ ದನಿಗೆ ಹೆದರಿದ ಮುಖ, ಮಾಡಿದ ತಪ್ಪಿಗೆ ನಾಚಿದ ಮುಖವಲ್ಲ. ಹಾಗಾಗಿ ಸಂಜೆ ಮನೆಗೆ ಬಂದು ಬೆಳಿಗ್ಗೆ ಹರಿದ ದಿಂಬಿಗೆ ಬೈಯುವುದು ದಂಡ. ಹತ್ತಿಯನ್ನು ಗುಡಿಸಿ ಹಾಕಿ, ನಾಳೆ ಹೋಗುವಾಗ ಆ ಕೋಣೆಯ ಬಾಗಿಲು ಹಾಕಿ ಹೋಗಿ.

ಮರಿ ಮನೆಯೊಳಗೆ ಉಚ್ಚೆ ಹೊಯ್ದಾಗಲೂ ಇದೇ ಮಾತು. ಮೂಗು ಹಿಡಿದು ಉಜ್ಜುವ ಕ್ರೂರ ಪದ್ಧತಿ ಯಾರು ಶುರು ಮಾಡಿದರೋ ಏನೋ. ಮೂರು ತಿಂಗಳ ಮರಿ ಹೆಚ್ಚೆಂದರೆ ನಾಲ್ಕು ಗಂಟೆ ತಡೆದುಕೊಂಡೀತು. ಎದ್ದ ಕೂಡಲೇ, ತಿಂದ ಮೇಲೆ, ಆಟ ಮುಗಿದ ಮೇಲೆ ಹೊರಗೆ ಕರೆದುಕೊಂಡು ಹೋಗಿ. ಅಲ್ಲೇ ಮುಗಿಸಿದರೆ ಬಾಯ್ತುಂಬ ಹೊಗಳಿ. ಒಳಗೆ ಆದರೆ ಮೊದಲು ಹಳೆ ಬಟ್ಟೆ ಒತ್ತಿ ಹೀರಿಸಿ, ಆಮೇಲೆ ತೊಳೆಯಿರಿ. ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ. ಉಚ್ಚೆಯಲ್ಲೂ ಅದೇ ಘಾಟು ಇರುವುದರಿಂದ, ಇಲ್ಲೇ ಹೊಯ್ಯಬೇಕು ಅಂತ ನಾಯಿಗೆ ಹೇಳಿದಂತಾಗುತ್ತದೆ. ವಾಸನೆಯನ್ನು ಬುಡದಿಂದ ಒಡೆಯುವ ಎಂಜೈಮ್ ಇರುವ ಕ್ಲೀನರ್ ಒಳ್ಳೆಯದು. ಅದಿಲ್ಲದಿದ್ದರೆ ಅರ್ಧ ನೀರು, ಅರ್ಧ ವಿನೆಗರ್. ಕಲ್ಲಿನ ನೆಲವಾದರೆ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ನಮ್ಮ ಮೂಗಿಗೆ ವಾಸನೆ ಹೋಯಿತು ಅಂದುಕೊಂಡು ಬಿಡಬೇಡಿ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50-60 ಲಕ್ಷವಾದರೆ, ನಾಯಿಗೆ ಹತ್ತಾರು ಕೋಟಿ.

ವಾಕಿಂಗ್‌ನಲ್ಲಿ ಹೆಜ್ಜೆಗೊಮ್ಮೆ ನಿಂತು ಮೂಸುವುದೂ ಇದೇ ಮೂಗಿನಿಂದ. ಅವಸರದಲ್ಲಿ ಚೈನ್ ಜಗ್ಗುತ್ತಾ ಎಳೆದುಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ದೂರ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಮೂಸಲು ಬಿಡಿ. ಮೂಸಿ ಮೂಸಿ ದಣಿದ ನಾಯಿ ಮನೆಗೆ ಬಂದು ತೆಪ್ಪಗೆ ಮಲಗುತ್ತದೆ. ಮನೆಯೊಳಗಿನ ಅರ್ಧ ಕಿತಾಪತಿ ಅಲ್ಲೇ ಕರಗಿರುತ್ತದೆ. ಮಳೆ ಬಂದು ಹೊರಗೆ ಹೋಗಲಾಗದ ದಿನ ಅದರ ತಿಂಡಿಯನ್ನು ಒಂದು ಹಳೆ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಕೊಡಿ. ಬಿಡಿಸಿ ತಿನ್ನಲಿ, ಅಷ್ಟು ಹೊತ್ತು ನಿಮಗೂ ಬಿಡುವು. ಬಿಸಿಲಲ್ಲಿ ಹೊರಡುವ ಮೊದಲು ಅಂಗೈ ಹಿಂಭಾಗವನ್ನು ರಸ್ತೆಯ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು.

ಕೆಲವು ಚಾಳಿಗಳಿಗೆ ಏನೂ ಮಾಡಬೇಕಿಲ್ಲ. ಮಲಗುವ ಮೊದಲು ನಿಂತಲ್ಲೇ ಸುತ್ತುವುದು, ಹಾಸಿಗೆ ಕೆರೆಯುವುದು ಹಾಗೇ. ಅದಕ್ಕೆಂದೇ ಒಂದು ಗಟ್ಟಿ ಹಾಸು ಹಾಕಿಬಿಡಿ, ನಿಮ್ಮ ಸೋಫಾ ಉಳಿಯುತ್ತದೆ. ಹೊರಗೆ ಹೋಗಿ ಮುಗಿಸಿದ ಮೇಲೆ ಹಿಂಗಾಲಲ್ಲಿ ಮಣ್ಣು ಚಿಮ್ಮಿಸುವುದು ಮುಚ್ಚುವುದಕ್ಕಲ್ಲ. ಪಾದದಲ್ಲಿರುವ ಗ್ರಂಥಿಯ ವಾಸನೆಯನ್ನು ಅಲ್ಲಿ ಬಿಟ್ಟು ಹೋಗುವುದಕ್ಕೆ. ಹಿಂದೆ ನಿಲ್ಲಬೇಡಿ, ಅಷ್ಟೇ. ನಿದ್ದೆಯಲ್ಲಿ ಕಾಲು ಅಲುಗಿಸುತ್ತಾ ಸಣ್ಣಗೆ ಬೊಗಳಿದರೆ ಮುಟ್ಟಿ ಎಬ್ಬಿಸಬೇಡಿ, ಬೆಚ್ಚಿ ಕಚ್ಚೀತು. ಎಬ್ಬಿಸಲೇಬೇಕಾದರೆ ದೂರದಿಂದ ಹೆಸರು ಹಿಡಿದು ಕರೆಯಿರಿ.

ಸ್ನಾನ ಮುಗಿದ ತಕ್ಷಣ ಹುಚ್ಚು ಹಿಡಿದಂತೆ ಮನೆಯೆಲ್ಲ ಓಡುವುದು ಗೊತ್ತಲ್ಲ? ಸ್ಕೂಲ್ ಬಿಟ್ಟ ಮಕ್ಕಳ ಹಾಗೆ. ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ತಡೆಯಲು ಹೋಗುವ ಬದಲು, ಸ್ನಾನಕ್ಕೆ ಮೊದಲೇ ಮಲಗುವ ಕೋಣೆಯ ಬಾಗಿಲು ಹಾಕಿ, ಜಾರುವ ಕಡೆ ಹಳೆ ಚಾಪೆ ಹಾಸಿ. ನಮ್ಮ ಶಾಂಪೂ ಅದಕ್ಕೆ ಬೇಡ, ಅದರ ಚರ್ಮದ ಗುಣವೇ ಬೇರೆ. ಪದೇ ಪದೇ ಸ್ನಾನವೂ ಬೇಡ. ವಾರಕ್ಕೊಮ್ಮೆ ತಿಕ್ಕಿ ತೊಳೆದರೆ ಮೈ ಒಣಗಿ ಕೆರೆತ ಶುರುವಾಗುತ್ತದೆ, ಆಮೇಲೆ ಕೆರೆತಕ್ಕೆ ಔಷಧ ಹುಡುಕಬೇಕು. ಕೊಳೆಯಾದಾಗ ತೊಳೆಯಿರಿ, ಉಳಿದ ದಿನ ಬ್ರಷ್ ಸಾಕು. ಕಿವಿಯೊಳಗೆ ನೀರು ಹೋಗದಂತೆ ನೋಡಿಕೊಳ್ಳಿ.

ಬ್ರಷ್ ಮಾಡುವಾಗ ಬೆರಳಲ್ಲೂ ಹುಡುಕಿ. ಕಿವಿಯ ಮಡಿಕೆ, ಕೊರಳಪಟ್ಟಿಯ ಕೆಳಗೆ, ಬೆರಳ ಸಂದಿ, ಇವು ರಕ್ತ ಹೀರುವ ಉಣ್ಣೆ ಹುಳಕ್ಕೆ ಪ್ರಿಯವಾದ ಜಾಗಗಳು. ಬೂದುಬಣ್ಣದ ಕಾಳಿನಂಥದ್ದು ಕೈಗೆ ಸಿಕ್ಕಿದರೆ ಉಗುರಲ್ಲಿ ಹಿಂಡಬೇಡಿ. ಎಣ್ಣೆ ಸುರಿಯುವುದು, ಕಡ್ಡಿ ಗೀರಿ ಸುಡುವುದು ಎರಡೂ ತಪ್ಪು. ಚಿಮಟದ ತುದಿಯನ್ನು ಚರ್ಮಕ್ಕೆ ಆದಷ್ಟು ಹತ್ತಿರ ತಂದು, ಉಣ್ಣೆಯ ತಲೆಯ ಭಾಗ ಹಿಡಿದು, ತಿರುಚದೆ ಒಂದೇ ಸಮನೆ ನೇರವಾಗಿ ಎಳೆಯಿರಿ. ಬಂದದ್ದನ್ನು ಸ್ಪಿರಿಟ್‌ನಲ್ಲಿ ಹಾಕಿ, ಕಡಿದ ಜಾಗ ಒರೆಸಿ, ಕೈ ತೊಳೆಯಿರಿ. ಉಣ್ಣೆ ಕಡಿದ ಮೇಲೆ ನಾಯಿ ಮಂಕಾಗಿ ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ, ಉಣ್ಣೆಯಿಂದ ಜ್ವರ ಬರುತ್ತದೆ. ಮೈ ಮುಟ್ಟಿ ಜ್ವರ ಅಳೆಯಲು ಹೋಗಬೇಡಿ. ನಾಯಿಯ ಮೈ ಯಾವಾಗಲೂ ನಮ್ಮದಕ್ಕಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ.

ಹುಲ್ಲು ತಿನ್ನುವುದಕ್ಕೆ ತುಂಬ ಜನ ಗಾಬರಿಯಾಗುತ್ತಾರೆ. ಆರೋಗ್ಯವಾಗಿರುವ ನಾಯಿಗಳೂ ತಿನ್ನುತ್ತವೆ. ಅಪರೂಪಕ್ಕೆ ವಾಂತಿ ಮಾಡಿದರೂ ಚಿಂತೆಯಿಲ್ಲ. ಕಳೆನಾಶಕ, ಕೀಟನಾಶಕ ಹೊಡೆದ ಹುಲ್ಲಿನ ಹತ್ತಿರ ಮಾತ್ರ ಬಿಡಬೇಡಿ. ಕುಂಡಿಯನ್ನು ನೆಲಕ್ಕೆ ಉಜ್ಜುತ್ತಾ ಹೋಗುವುದನ್ನು ಕಂಡು ಮಕ್ಕಳು ನಗುತ್ತಾರೆ. ಪದೇ ಪದೇ ಹಾಗೆ ಮಾಡಿದರೆ ಅಲ್ಲಿನ ಗ್ರಂಥಿ ತುಂಬಿಕೊಂಡಿರಬಹುದು, ಹುಳವೂ ಇರಬಹುದು. ಅದನ್ನು ಡಾಕ್ಟರೇ ನೋಡಲಿ.

ಬಾಲ ಅಲ್ಲಾಡಿಸಿದರೆ ಖುಷಿ ಅಂತ ನಂಬಿ ಅಪರಿಚಿತ ನಾಯಿಗೆ ಕೈ ಚಾಚಬೇಡಿ. 2007ರಲ್ಲಿ ಇಟಲಿಯ ಸಂಶೋಧಕರು ನೋಡಿದಾಗ, ಯಜಮಾನನನ್ನು ಕಂಡ ನಾಯಿಯ ಬಾಲ ಬಲಕ್ಕೆ ಜಾಸ್ತಿ ವಾಲಿತ್ತು. ಮೇಲೆ ಬೀಳುವಂಥ ಅಪರಿಚಿತ ನಾಯಿ ಕಂಡಾಗ ಎಡಕ್ಕೆ. ಅಷ್ಟು ಸೂಕ್ಷ್ಮ ನಮಗೆ ನಿಂತಲ್ಲೇ ಕಾಣುವುದಿಲ್ಲ ಬಿಡಿ. ಮೈ ನೋಡಿ. ಮೈಯೆಲ್ಲ ಸಡಿಲವಾಗಿ ಬಳುಕುತ್ತಿದ್ದರೆ ಸರಿ. ಮೈ ಬಿಗಿದು ಬಾಲದ ತುದಿ ಮಾತ್ರ ಮೇಲೆ ಅಲುಗುತ್ತಿದ್ದರೆ ದೂರ ಇರಿ. ಹಸಿವಿಲ್ಲದೆ ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು, ಇವೆಲ್ಲ ‘ಸಾಕು ಬಿಡಿ’ ಅನ್ನುವ ಸೂಚನೆ. ಮಕ್ಕಳು ಕುತ್ತಿಗೆ ತಬ್ಬಿಕೊಂಡಾಗ ಹೆಚ್ಚಾಗಿ ಕಾಣುವುದು ಇದೇ.

ಆಟದ ಚೆಂಡು ತರುವಾಗ ನೀಲಿ ಅಥವಾ ಹಳದಿ ತನ್ನಿ. ಹಸಿರು ಹುಲ್ಲಲ್ಲಿ ಕೆಂಪು ಚೆಂಡು ನಮಗೆ ಎದ್ದು ಕಾಣುತ್ತದೆ, ನಾಯಿಯ ಕಣ್ಣಿಗೆ ಆ ಎರಡು ಬಣ್ಣ ಬೇರೆ ಮಾಡಲು ಬರುವುದಿಲ್ಲ. ‘ಎಸೆದರೂ ಹುಡುಕಲ್ಲ, ದಡ್ಡ’ ಅಂತ ಬೈಸಿಕೊಂಡ ನಾಯಿಗಳಲ್ಲಿ ಎಷ್ಟು ಕೆಂಪು ಚೆಂಡಿನವೋ!

ಗುಡುಗು, ಪಟಾಕಿಗೆ ಮಂಚದ ಕೆಳಗೆ ನುಗ್ಗಿದರೆ ಹೊರಗೆ ಎಳೆಯಬೇಡಿ. ಅಲ್ಲೇ ಒಂದು ಹಳೆ ಬೆಡ್‌ಶೀಟ್ ಹಾಕಿ, ಕಿಟಕಿ ಮುಚ್ಚಿ, ಫ್ಯಾನೋ ರೇಡಿಯೋನೋ ಹಾಕಿ. ಹತ್ತಿರ ಬಂದರೆ ಸವರಿ. ಸವರಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಅನ್ನುವುದು ಸುಳ್ಳು.

ಅಡುಗೆಮನೆಯಲ್ಲಿ ಮಾತ್ರ ನಾನು ಬಲು ಕಟ್ಟುನಿಟ್ಟು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆ ಬದಲು ಸಿಹಿಗೆ ಬಳಸುವ ಕ್ಸೈಲಿಟಾಲ್ ಹಾಕಿದ ಚೂಯಿಂಗ್ ಗಮ್, ಇವೆಲ್ಲ ಅದಕ್ಕೆ ವಿಷ. ನಮ್ಮ ತಲೆನೋವಿನ ಮಾತ್ರೆಯೂ ಅಷ್ಟೇ, ಪ್ಯಾರಾಸಿಟಮಾಲ್ ಇರಲಿ, ಐಬುಪ್ರೊಫೆನ್ ಇರಲಿ. ದಯನೀಯ ಕಣ್ಣಿಂದ ನೋಡುತ್ತದೆ ಅಂತ ತಟ್ಟೆಯಿಂದ ಒಮ್ಮೆ ಕೊಟ್ಟಿರೋ, ದಿನಾ ಊಟದ ಹೊತ್ತಿಗೆ ನಿಮ್ಮ ಮೊಣಕಾಲಿಗೆ ಜೊಲ್ಲು ತಪ್ಪದು. ಕಸದ ಡಬ್ಬಿಗೆ ಬಿಗಿ ಮುಚ್ಚಳ ಇರಲಿ, ಅದೂ ಬಾಗಿಲಿರುವ ಗೂಡಿನೊಳಗೆ. ಎದೆಯ ಗೂಡು ಆಳವಿರುವ ದೊಡ್ಡ ತಳಿಗಳು ಗಬಗಬ ತಿನ್ನುವವಾದರೆ ಊಟವನ್ನು ಎರಡು ಮೂರು ಸಲ ಹಂಚಿ ಕೊಡಿ. ಹೊಟ್ಟೆ ಉಬ್ಬಿ, ವಾಂತಿಗೆ ಹವಣಿಸಿದರೂ ಏನೂ ಬರದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ನಾಯಿಗೆ ವಯಸ್ಸಾದಾಗ ಚಾಳಿಗಳು ಬದಲಾಗುತ್ತವೆ. ಇಷ್ಟು ದಿನ ಮನೆಯೊಳಗೆ ಗಲೀಜು ಮಾಡದಿದ್ದದ್ದು ಈಗ ಮಾಡಿದರೆ, ಕರೆದರೆ ಬಾರದಿದ್ದರೆ, ರಾತ್ರಿಯೆಲ್ಲ ಓಡಾಡಿದರೆ ಅದು ಹಟವಲ್ಲ. ಕಿವಿ ಮಂದವಾಗಿರಬಹುದು, ಕೀಲು ನೋಯುತ್ತಿರಬಹುದು. ನೀರು ಇದ್ದಕ್ಕಿದ್ದಂತೆ ಜಾಸ್ತಿ ಕುಡಿಯತೊಡಗಿದರೆ ಬೇಗ ತೋರಿಸಿ, ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇರಬಹುದು. ನೀರು ಮಾತ್ರ ಕಡಿಮೆ ಮಾಡಬೇಡಿ. ನುಣುಪು ನೆಲದ ಮೇಲೆ ಅದು ಓಡಾಡುವ ದಾರಿಯುದ್ದಕ್ಕೂ ಜಾರದ ಚಾಪೆ ಹಾಸಿ. ಉಗುರು ನೆಲಕ್ಕೆ ತಾಗಿ ಟಕಟಕ ಅಂದರೆ ಕತ್ತರಿಸುವ ಕಾಲ ಬಂತು ಅಂತ ಅರ್ಥ, ಉದ್ದ ಉಗುರಿನಿಂದ ಇನ್ನೂ ಜಾಸ್ತಿ ಜಾರುತ್ತದೆ. ಕಣ್ಣು ಮಂದವಾದ ನಾಯಿ ಇರುವ ಮನೆಯಲ್ಲಿ ಕುರ್ಚಿ ಮೇಜು ಜಾಗ ಬದಲಿಸುವ ಹುಮ್ಮಸ್ಸು ಬಂದರೆ ಸ್ವಲ್ಪ ಕಾಲ ತಡೆದುಕೊಳ್ಳಿ.