ಇದು ನನ್ನ ಮಾಮೂಲು ಮುಖ

ಹರಳೆಣ್ಣೆ ಕುಡಿದವಳು, ಇಂಗು ತಿಂದ ಮಂಗ, ಮುಖ ಗಂಟಿಕ್ಕಿಕೊಂಡವಳು. ನನ್ನ ಮುಖಕ್ಕೆ ಕನ್ನಡದಲ್ಲಿ ಹೆಸರುಗಳ ಬರವಿಲ್ಲ. ಹುಟ್ಟಿನಿಂದಲೇ ಮಿದುಳು ಬೇರೆ ರೀತಿ ಕೆಲಸ ಮಾಡುವ ಸ್ಥಿತಿಗಿರುವ ಆಟಿಸಂ ಎಂಬ ಹೆಸರು ಮಾತ್ರ ಸಿಕ್ಕಿದ್ದು ಮೂವತ್ತೊಂದು ದಾಟಿದ ಮೇಲೆ. ಮನಸ್ಸಿನಲ್ಲಿ ಇರುವುದು ನನ್ನ ಮುಖಕ್ಕೆ ತಾನಾಗಿ ಬರುವುದಿಲ್ಲ. ಖುಷಿಯಾದಾಗ ಮುಖ ಸಡಿಲಾಗಿ ಸುಮ್ಮನಾಗುತ್ತದೆ, ಗಮನವಿಟ್ಟು ಕೇಳುವಾಗ ಹುಬ್ಬು ಗಂಟಾಗುತ್ತದೆ. ನೋಡಿದವರು ಮೊದಲನೆಯದನ್ನು ದುಃಖವೆಂದೂ ಎರಡನೆಯದನ್ನು ಸಿಟ್ಟೆಂದೂ ತಿಳಿಯುತ್ತಾರೆ.

ಕಾಲೇಜಿನಲ್ಲಿದ್ದಾಗ ಕನ್ನಡಿಯ ಮುಂದೆ ನಿಂತು ನಗುವುದನ್ನು ಅಭ್ಯಾಸ ಮಾಡಿದೆ. ಬಸ್ಸಿನಲ್ಲಿ ಆ ನಗುವನ್ನು ಕೆನ್ನೆ ನೋಯುವವರೆಗೂ ಹಿಡಿದುಕೊಂಡು ಕೂರುತ್ತಿದ್ದೆ. ಗಮನವೆಲ್ಲ ತುಟಿಯ ಮೇಲಿದ್ದರೆ ಮಾತು ತಲೆಗೆ ಹತ್ತುವುದಾದರೂ ಹೇಗೆ? ಒಮ್ಮೆ ಪಕ್ಕದಲ್ಲಿ ಕುಳಿತ ಹೆಂಗಸು ತಮ್ಮ ಯಜಮಾನರ ಆಪರೇಷನ್ ವಿಷಯ ಹೇಳುತ್ತಿದ್ದಾಗಲೂ ನಾನು ಹಲ್ಲು ಬಿಟ್ಟುಕೊಂಡೇ ಇದ್ದೆ. ಅವರು ಎದ್ದು ಬೇರೆ ಸೀಟಿಗೆ ಹೋದರು. ಕನ್ನಡಿಯ ಪಾಠ ಅಂದಿಗೆ ಮುಗಿಯಿತು.

ನಾನು ಪುಸ್ತಕಗಳ ಕರಡು ತಿದ್ದುವವಳು. ಇ-ಮೇಲ್‌ನಲ್ಲಷ್ಟೇ ಪರಿಚಯವಿರುವ ಲೇಖಕರು ನನ್ನನ್ನು ಲವಲವಿಕೆಯವಳು ಎನ್ನುತ್ತಾರೆ! ಇದು ನನ್ನೊಬ್ಬಳ ಕಥೆಯಲ್ಲ. ಅಮೆರಿಕದ ಮನೋವಿಜ್ಞಾನಿ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವವರನ್ನು ಕೆಲವೇ ಸೆಕೆಂಡು ವಿಡಿಯೊದಲ್ಲಿ ನೋಡಿದವರು ಅವರೊಡನೆ ಬೆರೆಯಲು ಹಿಂದೇಟು ಹಾಕಿದರು. ಅವರ ಮಾತನ್ನು ಬರಹದಲ್ಲಿ ಮಾತ್ರ ಓದಿದವರಲ್ಲಿ ಆ ಹಿಂದೇಟು ಕಾಣಲಿಲ್ಲ.

ಈಗ ದಾರಿಹೋಕರು "ಸ್ವಲ್ಪ ನಗಮ್ಮ" ಎಂದರೆ ಉತ್ತರ ಕೊಡುವುದಿಲ್ಲ, ಕಾಲು ನಿಲ್ಲಿಸುವುದೂ ಇಲ್ಲ. ಜೊತೆಯಲ್ಲಿ ಸ್ವಲ್ಪ ಹೊತ್ತು ಕೂರಬೇಕಾದವರಿಗೆ ಮಾತ್ರ ಒಂದು ವಾಕ್ಯವನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಆಟಿಸಂ ಎಂಬ ಪದವಿಲ್ಲ. ಆ ಪದ ಹೇಳಿದರೆ "ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ!" ಎಂದು ಮತ್ತೆ ಮುಖದ ಪರೀಕ್ಷೆಗೇ ಇಳಿಯುತ್ತಾರೆ.

ಕಳೆದ ತಿಂಗಳು ಒಂದು ಮದುವೆ ಊಟದಲ್ಲಿ, ಒಬ್ಬಟ್ಟಿನ ಮೇಲೆ ತುಪ್ಪ ಹರಡುವುದನ್ನೇ ನೋಡುತ್ತಾ ಕುಳಿತಿದ್ದೆ. ಪರಮಸುಖದಲ್ಲಿದ್ದೆ. ಪಕ್ಕದ ಎಲೆಯ ಅಜ್ಜಿ ಬಗ್ಗಿ ನೋಡಿ, "ಯಾಕಮ್ಮ, ಯಾರಾದರೂ ಏನಾದರೂ ಅಂದರೇ?" ಎಂದರು.

"ಇಲ್ಲ ಅಜ್ಜಿ, ಇದು ನನ್ನ ಮಾಮೂಲು ಮುಖ. ಒಳಗೆ ಸಂತೋಷವಾಗಿದ್ದೇನೆ."

ಅಜ್ಜಿ ನನ್ನನ್ನೂ ಎಲೆಯನ್ನೂ ಒಮ್ಮೆ ನೋಡಿದರು. ಬಡಿಸುವವನನ್ನು ಕೂಗಿ ಕರೆದು, "ಈ ಮಗುವಿಗೆ ಇನ್ನೊಂದು ಒಬ್ಬಟ್ಟು ಹಾಕಪ್ಪ" ಎಂದರು.