ಬೇಲಿಯ ಮೇಲಿನ ಕಾಡುಪಾಪ

ಮಂಡ್ಯ ಹತ್ತಿರದ ನಮ್ಮೂರಲ್ಲಿ ಕಾಡುಪಾಪ, ಅಂದರೆ ರಾತ್ರಿ ಮರಗಳಲ್ಲಿ ಓಡಾಡುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ, ಕಂಡರೆ ಅಪಶಕುನ ಅಂತಾರೆ. ಚಿಕ್ಕಂದಿನಲ್ಲಿ ನಾನೂ ನಂಬಿದ್ದೆ. ಈಗ ನಾಲ್ಕು ವರ್ಷದಿಂದ ರಾತ್ರಿ ಊಟ ಮುಗಿಸಿ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ.

ಶುರುವಿನಲ್ಲಿ ತಿಂಗಳುಗಟ್ಟಲೆ ಒಂದೂ ಕಾಣಲಿಲ್ಲ. ಬಿಳಿ ಬೆಳಕು ಬಿಟ್ಟರೆ ಅದು ಮುಖ ತಿರುಗಿಸಿ ಕೊಂಬೆಗೆ ಅಂಟಿಕೊಂಡು ಬಿಡುತ್ತದೆ. ಆಮೇಲೆ ಟಾರ್ಚ್ ಬಾಯಿಗೆ ಕೆಂಪು ಜೆಲಾಟಿನ್ ಪೇಪರ್ ಕಟ್ಟಿದೆ. ಸೊಂಟದ ಹತ್ತಿರ ಹಿಡಿಯೋದು ಬಿಟ್ಟು ಕಣ್ಣಿನ ಪಕ್ಕಕ್ಕೇ ಹಿಡಿದೆ. ಅದರ ಕಣ್ಣೊಳಗೆ ಕನ್ನಡಿಯಂಥ ಪದರ ಇದೆ, ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಆ ದಾರಿಯಲ್ಲಿ ನಮ್ಮ ಕಣ್ಣಿರಬೇಕು. ಅವತ್ತೇ ಜಾಲಿ ಮರದಲ್ಲಿ ಜೋಡಿ ಕೆಂಡ ಕಂಡವು.

ಕಡ್ಡಿಯಂಥ ಕೈಕಾಲು, ಬಾಲ ಕಾಣುವುದೇ ಇಲ್ಲ, ತೂಕ ಕಾಲು ಕೆಜಿ ಆಸುಪಾಸು. ನಮ್ಮ ಕಡೆಯದು ಬೂದು ಬಣ್ಣ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿರುವ ಇದರ ನೆಂಟ ಇನ್ನೂ ಚಿಕ್ಕದು, ಮೈ ಕೆಂಚಗೆ. ಅವತ್ತು ಕಂಡದ್ದು ಹಿಂಗಾಲಲ್ಲಿ ಕೊಂಬೆ ಕಚ್ಚಿ ಹಿಡಿದು, ಮೈಯನ್ನು ನಿಧಾನವಾಗಿ ಮುಂದೆ ಚಾಚಿ, ಎರಡೂ ಕೈಯಲ್ಲಿ ಪತಂಗ ಹಿಡಿಯಿತು. ಕಣ್ಣು ಮುಚ್ಚಿಕೊಂಡು ಅಗಿಯಿತು. ಇರುವೆ, ಗೆದ್ದಲು, ಜೀರುಂಡೆ ಇದರ ಮುಖ್ಯ ಊಟ. ನಮ್ಮ ಬೆಳೆಗೆ ಇದರಿಂದ ತೊಂದರೆ ಏನೂ ಇಲ್ಲ.

ಒಂದು ಸಂಜೆ ಬೇಲಿಯಲ್ಲಿ ಮರಿಯೊಂದೇ ಕೂತಿತ್ತು. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ತಲೆ, ಮುಖದ ತುಂಬಾ ಕಣ್ಣು. ಜೊತೆಗಿದ್ದ ಚಿಕ್ಕಪ್ಪನ ಮಗ, "ಅಣ್ಣ, ತಾಯಿ ಸತ್ತಿರ್ಬೇಕು, ಮನೆಗೆ ತಗೊಂಡ್ ಹೋಗಿ ಹಾಲು ಕುಡಿಸೋಣ" ಅಂದ. ನಾನು ಬಿಡಲಿಲ್ಲ. ಮೊದಲ ಕೆಲವು ವಾರ ಮರಿ ತಾಯಿಯ ಹೊಟ್ಟೆಗೇ ಅಂಟಿಕೊಂಡಿರುತ್ತದೆ. ಆಮೇಲೆ ತಾಯಿ ಅದನ್ನು ಕೊಂಬೆಯಲ್ಲಿ ಕೂರಿಸಿ ಮೇಯಲು ಹೋಗುತ್ತಾಳೆ. ನಾವು ಎತ್ತಿಕೊಂಡರೆ ನಿಜವಾಗಲೂ ಅನಾಥ ಆಗುತ್ತೆ, ಅಲ್ವಾ? 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧವೂ ಹೌದು. ದೂರ ಹೋಗಿ ಕೂತೆವು. ಬೆಳಗಿನ ಜಾವ ತಾಯಿ ಬಂದಳು. ಮರಿ ತಾನೇ ಹೊಟ್ಟೆಗೆ ಹತ್ತಿಕೊಂಡಿತು.

ಮರುವರ್ಷ ಪಕ್ಕದ ಜಮೀನಿಗೆ ಮುಳ್ಳು ತಂತಿ ಹಾಕಲು ಹದಿನೈದು ಅಡಿ ಬೇಲಿ ಕಡಿದರು. ಕಾಡುಪಾಪ ಕೋತಿ ಥರ ಜಿಗಿಯಲಾರದು. ಒಂದು ಕೊಂಬೆ ಸಿಕ್ಕಿದ ಮೇಲೇ ಇನ್ನೊಂದನ್ನು ಬಿಡುತ್ತದೆ. ಆ ಜಾಗಕ್ಕೆ ಬಂದು, ಕೈ ಚಾಚಿ, ಏನೂ ಸಿಗದೆ ವಾಪಸ್ ಹೋಗೋದನ್ನು ಮೂರು ರಾತ್ರಿ ನೋಡಿದೆ. ನಾಲ್ಕನೇ ರಾತ್ರಿ ನೆಲಕ್ಕಿಳಿದು ತೆವಳಿದಂತೆ ದಾಟಿತು. ಊರ ನಾಯಿಗಳು ಅಲ್ಲೇ ಓಡಾಡುತ್ತವೆ. ನನಗೆ ಜೀವ ಬಾಯಿಗೆ ಬಂತು.

ಜಮೀನಿನವರನ್ನು ಕೇಳಿ, ಆ ಸಂದಿಗೆ ಎರಡು ಬಿದಿರು ಗಳ ಅಡ್ಡ ಕಟ್ಟಿದೆ. ಕೆಳಗೆ ಹೊಂಗೆ ಸಸಿ ನೆಟ್ಟೆ. ಹನ್ನೊಂದು ದಿನ ಯಾರೂ ದಾಟಲಿಲ್ಲ. ಹನ್ನೆರಡನೇ ರಾತ್ರಿ ಒಂದು ಬಂತು. ಗಳವನ್ನು ಮೂಸಿತು. ಕೆಳಗಿನಿಂದ ಜೋತುಬಿದ್ದು, ಒಂದೊಂದೇ ಕೈ ಇಡುತ್ತಾ ಆಚೆ ಕಡೆಯ ಲಂಟಾನದೊಳಗೆ ಸೇರಿಕೊಂಡಿತು.