ಆರು ವಾರಗಳ ಬೆಸುಗೆ: 1987ರ ಮಂಜುಗಡ್ಡೆ ದಾಖಲೆಯನ್ನು ನಾನು ಜೋಡಿಸಿದ ಬಗೆ

ಕಡಲ ಮಂಜುಗಡ್ಡೆಯ ಉಪಗ್ರಹ ದಾಖಲೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 1987ರ ಬೆಸುಗೆ, ಅಂದರೆ ಒಂದು ಉಪಗ್ರಹದ ಅಳತೆ ಮುಗಿದು ಇನ್ನೊಂದರದು ಮುಂದುವರಿಯುವ ಜಾಗ. ನಿಂಬಸ್-7 ಉಪಗ್ರಹದ ಎಸ್‌ಎಂಎಂಆರ್ ಎಂಬ ಮೈಕ್ರೋವೇವ್ ಸೆನ್ಸರ್‌ನ ದಾಖಲೆ ಆ ವರ್ಷ ಆಗಸ್ಟ್ 20ಕ್ಕೆ ನಿಲ್ಲುತ್ತದೆ, ಎಫ್-8 ಉಪಗ್ರಹದ ಎಸ್‌ಎಸ್‌ಎಂ/ಐ ಸೆನ್ಸರ್‌ನದು ಜುಲೈ 9ರಿಂದ ಸಿಗುತ್ತದೆ. ಎರಡೂ ಒಟ್ಟಿಗಿರುವುದು ಆರು ವಾರ, ಅದರಲ್ಲೂ ಎಸ್‌ಎಂಎಂಆರ್ ದಿನ ಬಿಟ್ಟು ದಿನ. ಉತ್ತರದಲ್ಲಿ ಅದು ಕರಗುವ ಕಾಲ. ಹಸಿ ಹಿಮದ ಮೇಲೆ ಪಡೆದ ಹೊಂದಾಣಿಕೆಯನ್ನು ಜನವರಿಯ ಬೇರಿಂಗ್ ಸಮುದ್ರದ ಮಂಜುಗಡ್ಡೆಯ ಅಂಚಿಗೆ ಹೊರಿಸುವುದು ಹೇಗೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ರೀಅನಾಲಿಸಿಸ್, ಅಂದರೆ ಹಳೆಯ ಅಳತೆಗಳನ್ನು ಮಾದರಿಗೆ ಕೂಡಿಸಿ ಮರುಕಟ್ಟಿದ ಹವಾಮಾನ ದಾಖಲೆ, ಬಳಸುವವರಿಗೆ ಇದು ಸಣ್ಣ ವಿಷಯವಲ್ಲ. ಅಂಥದ್ದೊಂದಾದ ಇಆರ್‌ಎ5 ಮಂಜುಗಡ್ಡೆಯ ಅಂಕಿಗಳನ್ನು ಹೊರಗಿನ ದಾಖಲೆಗಳಿಂದಲೇ ಪಡೆಯುತ್ತದೆ. 1979ರಲ್ಲಿ ಅದರ ಮೂಲ ಬದಲಾಗುತ್ತದೆ, 2007ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬದಲಾಗುತ್ತದೆ. ಅದರ ಮಾದರಿಯಲ್ಲಿ ಮಂಜುಗಡ್ಡೆ ಎಲ್ಲೆಡೆ ಒಂದೂವರೆ ಮೀಟರ್ ದಪ್ಪ, ಮೇಲೆ ಹಿಮವಿಲ್ಲ. ಹೀಗಿರುವಾಗ ಚಳಿಗಾಲದ ಅಂಚಿನಲ್ಲಿ ಶೇಕಡಾ ಐದರಷ್ಟು ತೆರೆದ ನೀರು ಕೂಡಿದರೂ ಕಳೆದರೂ ನಕ್ಷೆಯ ಆ ಚೌಕದ (ಕೋಶದ) ಶಾಖದ ಲೆಕ್ಕವೇ ಅಲುಗುತ್ತದೆ.

ಮೊದಲು ನಾನು ಎಲ್ಲರಂತೆ ಸರಾಸರಿ ವ್ಯತ್ಯಾಸವನ್ನು ಕಳೆದು ನೋಡಿದೆ. ಒಟ್ಟು ವಿಸ್ತೀರ್ಣ ಕೂಡಿಬಂತು. ಆದರೆ ನಕ್ಷೆ ಬಿಡಿಸಿದರೆ ಒಳಭಾಗದಲ್ಲಿ ಕಳೆದದ್ದನ್ನು ಅಂಚಿನಲ್ಲಿ ತುಂಬಿಸಿ ಮೊತ್ತ ಸರಿಮಾಡಿದಂತಿತ್ತು. ಆಮೇಲೆ ಕ್ವಾಂಟೈಲ್ ಹೊಂದಾಣಿಕೆ, ಅಂದರೆ ಎರಡರ ಅಂಕಿಗಳ ಹಂಚಿಕೆಯನ್ನು ಒಂದಕ್ಕೊಂದು ಸರಿಹೊಂದಿಸುವುದು, ಮಾಡಿದೆ. ಬೇಸಗೆ ಚೆನ್ನಾಗಿಯೇ ಬಂತು, ಚಳಿಗಾಲ ಮೊದಲಿಗಿಂತ ಕೆಟ್ಟಿತು. ಮಂಜುಗಡ್ಡೆಯ ಶೇಕಡಾ ಪ್ರಮಾಣದ ಮಟ್ಟದಲ್ಲಿ ಏನು ಮಾಡಿದರೂ ಫಲವಿಲ್ಲ ಎಂದು ಖಚಿತವಾಗಲು ಒಂದು ಮಳೆಗಾಲ ಹಿಡಿಯಿತು. ಎಸ್‌ಎಂಎಂಆರ್‌ನ ಚಾನೆಲ್ 18 ಗಿಗಾಹರ್ಟ್ಸ್, ಎಸ್‌ಎಸ್‌ಎಂ/ಐಯದು 19.35, ನೋಟದ ಕೋನಗಳು ಬೇರೆ, ಮೊದಲನೆಯದು ಹಾದುಹೋಗುವುದು ನಡುಹಗಲು ನಡುರಾತ್ರಿಗಳಲ್ಲಿ, ಇನ್ನೊಂದು ಬೆಳಗು ಸಂಜೆಗಳಲ್ಲಿ. ಆದ್ದರಿಂದ ಸೆನ್ಸರ್ ನೇರವಾಗಿ ಅಳೆಯುವ ಮೈಕ್ರೋವೇವ್ ತೀವ್ರತೆಗೆ, ಅಂದರೆ ಬ್ರೈಟ್‌ನೆಸ್ ಟೆಂಪರೇಚರ್‌ಗೇ ಇಳಿದೆ.

ಆ ಆರು ವಾರ ಉತ್ತರಕ್ಕೆ ಬೇಸಗೆಯಾದರೆ ದಕ್ಷಿಣಕ್ಕೆ ನಡುಚಳಿಗಾಲ. ವೆಡೆಲ್, ರಾಸ್ ಸಮುದ್ರಗಳ ಹೊರ ಅಂಚಿನ ಒಂದು ವರ್ಷದ ಮಂಜುಗಡ್ಡೆಯನ್ನು ನೀರು, ಸಡಿಲ ಅಂಚು, ಗಟ್ಟಿ ಹಾಸು ಎಂದು ವಿಂಗಡಿಸಿ, ಪ್ರತಿ ವರ್ಗಕ್ಕೂ ಬೇರೆ ಬೇರೆ ಹೊಂದಾಣಿಕೆ ಪಡೆದು, ಅದನ್ನೇ ಬೇರಿಂಗ್, ಓಖೋಟ್ಸ್ಕ್, ಲ್ಯಾಬ್ರಡಾರ್ ಸಮುದ್ರಗಳ ಚಳಿಗಾಲಕ್ಕೆ ಹಚ್ಚಿದೆ. "ದಕ್ಷಿಣದ ಲೆಕ್ಕ ಉತ್ತರಕ್ಕೆ ಹೊಂದಲಿಕ್ಕುಂಟೇ ಮಾರಾಯ್ರೇ, ಟೈ ಪಾಯಿಂಟೇ ಬೇರೆಯಲ್ಲವೇ" ಎಂದು ಮಂಗಳೂರಿನ ಹಿರಿಯರೊಬ್ಬರು ನಕ್ಕರು. ಟೈ ಪಾಯಿಂಟ್, ಅಂದರೆ ಪೂರ್ತಿ ನೀರು, ಪೂರ್ತಿ ಮಂಜುಗಡ್ಡೆ ಎಂದು ಗುರುತಿಸಲು ಇಟ್ಟ ಮಾನದಂಡದ ಅಂಕಿ, ಬೇರೆ ಎಂಬುದು ನಿಜ. ಆದರೆ ನಾನು ಸಾಗಿಸುತ್ತಿದ್ದುದು ಟೈ ಪಾಯಿಂಟನ್ನಲ್ಲ, ಎರಡು ಸೆನ್ಸರ್‌ಗಳ ನಡುವಿನ ಸಂಬಂಧವನ್ನು.

ಮೊದಲ ಪರೀಕ್ಷೆಗೆ 2007ನ್ನು ಹಿಡಿದೆ. ಎಫ್-8ರ ಸಾಲಿನ ಉಪಗ್ರಹಗಳಾದ ಎಫ್-13, ಎಫ್-17 ವರ್ಷಪೂರ್ತಿ ಜೊತೆಗಿದ್ದುದರಿಂದ, ದಕ್ಷಿಣದ ಜುಲೈ 9ರಿಂದ ಆಗಸ್ಟ್ 20ರವರೆಗಿನದನ್ನು, ಅದನ್ನೂ ದಿನ ಬಿಟ್ಟು ದಿನ, ಇಟ್ಟುಕೊಂಡು ಉಳಿದದ್ದನ್ನು ಮುಚ್ಚಿಟ್ಟೆ. ಉತ್ತರದ ಫೆಬ್ರವರಿ, ಮಾರ್ಚ್ ಸುಲಭವಾಗಿ ಹೊಂದಿಬಂದವು. ಅವೆರಡೂ ದಾಯಾದಿ ಸೆನ್ಸರ್‌ಗಳು, ಹೊಂದದೆ ಏನು ಮಾಡೀತು ಎಂಬ ಆಕ್ಷೇಪ ಬಂತು, ನ್ಯಾಯವಾದದ್ದೇ. ಹಾಗಾಗಿ ಅಕ್ವಾ ಉಪಗ್ರಹದ ಎಎಂಎಸ್‌ಆರ್-ಇ ಸೆನ್ಸರನ್ನು ಎಫ್-13ರ ಎದುರು ನಿಲ್ಲಿಸಿದೆ. ಅದರ ಚಾನೆಲ್ 18.7 ಗಿಗಾಹರ್ಟ್ಸ್, ಹಾದುಹೋಗುತ್ತಿದ್ದುದು ಮಧ್ಯಾಹ್ನ ಒಂದೂವರೆಗೆ. ಎಸ್‌ಎಂಎಂಆರ್‌ಗೆ ಇದಕ್ಕಿಂತ ಹತ್ತಿರದ ವೇಷಧಾರಿ ಸಿಗಲಾರದು. ಅಂಚಿನ ಕೋಶಗಳಲ್ಲಿ ಉಳಿದ ವ್ಯತ್ಯಾಸ, ನೆನಪಿನಿಂದ ಹೇಳುವುದಾದರೆ, ಸರಾಸರಿ ಕಳೆಯುವ ವಿಧಾನದ ಮೂರನೆಯ ಒಂದು ಪಾಲಿಗೆ ಇಳಿದಿತ್ತು. ನಕ್ಕ ಹಿರಿಯರು ಈಗ ಅದೇ ಕೋಡನ್ನು ಕೇಳಿ ಪಡೆದಿದ್ದಾರೆ.

ಡೇಟಾ ಪುಕ್ಕಟೆಯಾದರೂ ಕೆಲಸ ಪುಕ್ಕಟೆಯಾಗಲಿಲ್ಲ. ಬದಿಯಡ್ಕದ ಮನೆಯಲ್ಲಿ ಸಿಡಿಲಿನ ತಿಂಗಳುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದೇ ದೊಡ್ಡ ಖರ್ಚು: ಇನ್ವರ್ಟರ್ ಮತ್ತು ಬ್ಯಾಟರಿಗೆ ಇಪ್ಪತ್ತೈದು ಸಾವಿರದ ಆಸುಪಾಸು, ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹನ್ನೆರಡು ಸಾವಿರ, ಸಿಡಿಲಿಗೆ ಹೋದ ರೂಟರ್‌ಗಳ ಲೆಕ್ಕ ಇಟ್ಟಿಲ್ಲ. ಅನುದಾನಕ್ಕೆ ಬರೆದ ಕಡೆಯಿಂದ "ಪ್ರಸ್ತುತತೆ ಸಾಲದು" ಎಂಬ ಉತ್ತರ ಬಂತು. ಆ ವರ್ಷ ಅಡಿಕೆಗೆ ಬೆಲೆ ಇದ್ದುದರಿಂದ ಕೆಲಸ ನಿಲ್ಲಲಿಲ್ಲ.

ನಡುವೆ ಒಂದು ಅಡ್ಡಪ್ರಯೋಗವನ್ನೂ ಮಾಡಿದೆ. ಗಾಳಿ, ಮೋಡ, ನೀರಾವಿಗಳಿಂದ ಹುಟ್ಟುವ ಸುಳ್ಳು ಮಂಜುಗಡ್ಡೆಯನ್ನು ಸೋಸುವ ಫಿಲ್ಟರ್ ಎಷ್ಟು ಗಟ್ಟಿ ಎಂದು ತಿಳಿಯಲು, ಬೆಚ್ಚನೆಯ ನೀರನ್ನು ಲೆಕ್ಕದಿಂದ ಹೊರಗಿಡುವ ಮಾಸ್ಕ್ ತೆಗೆದುಹಾಕಿ, ಜಾಗತಿಕ ಗ್ರಿಡ್‌ನಲ್ಲಿ ನಾಸಾ ಟೀಮ್ ಎಂಬ ಮಂಜುಗಡ್ಡೆ ಲೆಕ್ಕದ ವಿಧಾನವನ್ನು ಜುಲೈ ತಿಂಗಳ ಅರಬ್ಬೀ ಸಮುದ್ರದ ಮೇಲೆ ಓಡಿಸಿದೆ. ಕುಂಬಳೆಯಿಂದ ನೂರಿನ್ನೂರು ಕಿಲೋಮೀಟರ್ ಪಶ್ಚಿಮಕ್ಕೆ, ಮುಂಗಾರಿನ ಗಾಳಿ ಮತ್ತು ದಟ್ಟ ಮೋಡಗಳ ಕೆಳಗೆ, ಲೆಕ್ಕ ಮಂಜುಗಡ್ಡೆ ತೋರಿಸಿತು! ಮನೆಯವರು ಮೀನು ಕೆಡದಂತೆ ಇಡಲು ಆದೀತು ಎಂದರು. ನಗೆಯ ಮಾತು ಹಾಗಿರಲಿ, ಉಪಯೋಗ ದೊಡ್ಡದಿತ್ತು: ಎಸ್‌ಎಂಎಂಆರ್‌ನ 21 ಗಿಗಾಹರ್ಟ್ಸ್ ಚಾನೆಲ್ 1985ರಿಂದ ಇಲ್ಲವಾದ್ದರಿಂದ ನೀರಾವಿಯನ್ನು ಸೋಸುವ ಆಧಾರ ಎಸ್‌ಎಸ್‌ಎಂ/ಐಗೆ ಇರುವಂತೆ ಅದಕ್ಕಿಲ್ಲ. ಫಿಲ್ಟರ್‌ನ ಮಿತಿಯನ್ನು ಎರಡಕ್ಕೂ ಬೇರೆ ಬೇರೆಯಾಗಿ ಇಡಬೇಕೆಂದು ನಾನು ತೀರ್ಮಾನಿಸಿದ್ದು ಇಲ್ಲಿಯೇ. ಎಷ್ಟು ಎಂಬ ಅಂಕಿಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೂರು ವರ್ಗಗಳ ಗಡಿಯಲ್ಲಿ ಬಳಸಿದ ತೂಕಗಳನ್ನೂ ಅಷ್ಟೇ.

ಧ್ರುವದ ಸುತ್ತಲಿನ ಹಲವು ವರ್ಷಗಳ ಹಳೆಯ ಮಂಜುಗಡ್ಡೆಗೆ ದಕ್ಷಿಣದಲ್ಲಿ ತಕ್ಕ ಜೋಡಿ ಇಲ್ಲ. ಅಲ್ಲಿ ಈ ವಿಧಾನವನ್ನು ಬಳಸಬೇಡಿ. ಮುಂದಿನ ಕೆಲಸ 1991ರ ಡಿಸೆಂಬರ್‌ನ ಎಫ್-8, ಎಫ್-11 ಬೆಸುಗೆ. ಬೂಟ್‌ಸ್ಟ್ರ್ಯಾಪ್ ಎಂಬ ಇನ್ನೊಂದು ವಿಧಾನದ ದಾಖಲೆಯ ಎರಡು ಆವೃತ್ತಿಗಳು ಅಂಟಾರ್ಕ್ಟಿಕದ ಮಂಜುಗಡ್ಡೆಯ ಏರಿಕೆಯನ್ನು ಬೇರೆ ಬೇರೆಯಾಗಿ ತೋರಿಸಿದ್ದು ಆ ಜಾಗದಿಂದಲೇ ಎಂಬುದನ್ನು ಸಂಶೋಧಕರು 2014ರಲ್ಲಿ ಎತ್ತಿ ತೋರಿಸಿದ್ದರು. ಅಲ್ಲಿ ಋತು ತಿರುಗುಮುರುಗು: ಉತ್ತರಕ್ಕೆ ಚಳಿ, ದಕ್ಷಿಣಕ್ಕೆ ಕರಗುವ ಕಾಲ. ಹಾಗಾಗಿ ಈ ಸಲ ಲ್ಯಾಬ್ರಡಾರ್‌ನಿಂದ ವೆಡೆಲ್‌ಗೆ ಸಾಗಿಸಿ ನೋಡುತ್ತಿದ್ದೇನೆ.